ಕ್ಯಾಂಪಸ್‌ಗೆ ಕಂಪನಿ ಬರುವವರೆಗೆ ಕಾಯಬೇಕಾ? ಎಂಜಿನಿಯರಿಂಗ್ ಓದುವವರಿಗೆ ಈಗಿನ ಕೆಲಸದ ಲೆಕ್ಕಾಚಾರ

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಯಿತು ಅಂದರೆ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಒಂದೇ ಮಾತು: ಯಾವ ಬ್ರಾಂಚ್ ತಗೊಂಡರೆ ಕೆಲಸ ಗ್ಯಾರಂಟಿ? ಕೆಲವು ವರ್ಷಗಳ ಹಿಂದೆ ಎಲ್ಲರೂ ಯೋಚನೆ ಮಾಡದೆ 'ಕಂಪ್ಯೂಟರ್ ಸೈನ್ಸ್' ಎನ್ನುತ್ತಿದ್ದರು. ಈಗ ಹಾಗೆ ಹೇಳುವವರಿಗೂ ಒಳಗೊಳಗೆ ಅನುಮಾನ. ಸಾಫ್ಟ್‌ವೇರ್ ಕಂಪನಿಗಳು ಜನರನ್ನು ತೆಗೆಯುತ್ತಿವೆ ಎಂಬ ಸುದ್ದಿ ಒಂದು ಕಡೆ. ಎಐ ಬಂದು ಕೋಡ್ ಬರೆಯುತ್ತಿದೆ ಎಂಬ ಮಾತು ಇನ್ನೊಂದು ಕಡೆ. ಜಗಳೂರಿನಲ್ಲೋ ಮೊಳಕಾಲ್ಮೂರಿನಲ್ಲೋ ಜಮೀನು ನೋಡಿಕೊಳ್ಳುತ್ತಾ ಮಗಳ ಫೀಸು ಕಟ್ಟುವ ಅಪ್ಪನಿಗೆ ಇದರಲ್ಲಿ ಯಾವುದನ್ನು ನಂಬಬೇಕು ಎಂದೇ ಗೊತ್ತಾಗುವುದಿಲ್ಲ.

ಕೆಲಸಗಳು ಮಾಯವಾಗಿಲ್ಲ. ಆದರೆ ಹೊಸಬರು ಒಳಗೆ ಹೋಗುತ್ತಿದ್ದ ದೊಡ್ಡ ಬಾಗಿಲು ಕಿರಿದಾಗಿದೆ. ಅದು ಯಾಕೆ ಕಿರಿದಾಯಿತು, ಬೇರೆ ಬಾಗಿಲು ಎಲ್ಲೆಲ್ಲಿವೆ ಎಂದು ಗೊತ್ತಿದ್ದರೆ ನಾಲ್ಕು ವರ್ಷವನ್ನು ಬೇರೆ ರೀತಿ ಬಳಸಬಹುದು. ಏಳನೇ ಸೆಮಿಸ್ಟರ್ ಬಂದ ಮೇಲೆ ಇದನ್ನೆಲ್ಲ ತಿಳಿದುಕೊಂಡರೆ ತಡವಾಗುತ್ತದೆ.

ಮೊದಲು ಹೇಗಿತ್ತು, ಈಗ ಏನಾಗಿದೆ

ದೊಡ್ಡ ಐಟಿ ಕಂಪನಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ಒಂದೇ ಪದ್ಧತಿಯಲ್ಲಿ ನಡೆದವು. ವಿದೇಶದ ಬ್ಯಾಂಕು, ವಿಮಾ ಕಂಪನಿಗಳ ಸಾಫ್ಟ್‌ವೇರ್ ಕೆಲಸವನ್ನು ಇವರು ವಹಿಸಿಕೊಳ್ಳುತ್ತಿದ್ದರು. ಎಷ್ಟು ಜನ ಎಷ್ಟು ಗಂಟೆ ದುಡಿದರು ಎಂಬ ಲೆಕ್ಕದ ಮೇಲೆ ಬಿಲ್ ಹೋಗುತ್ತಿತ್ತು. ಹಾಗಾಗಿ ಮೇಲೆ ಒಬ್ಬ ಮ್ಯಾನೇಜರ್, ಅವರ ಕೈಕೆಳಗೆ ಕೆಲವು ಅನುಭವಸ್ಥರು, ಅವರ ಕೈಕೆಳಗೆ ಬಹಳಷ್ಟು ಹೊಸಬರು. ಹೊಸಬರ ಸಂಬಳ ಕಡಿಮೆ, ಆದ್ದರಿಂದ ಅವರು ಎಷ್ಟು ಜಾಸ್ತಿ ಇದ್ದರೆ ಕಂಪನಿಗೆ ಅಷ್ಟು ಲಾಭ. ಯಾವ ಬ್ರಾಂಚ್ ಓದಿದ್ದಾರೆ ಎಂಬುದೂ ದೊಡ್ಡ ವಿಷಯವಾಗಿರಲಿಲ್ಲ. ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಂಡು ಕೆಲವು ತಿಂಗಳು ತರಬೇತಿ ಕೊಟ್ಟು ಜಾವಾ ಕಲಿಸಿ ಕೂರಿಸುತ್ತಿದ್ದರು.

ಭದ್ರಾ ನಾಲೆ ಕಡೆಯವರಿಗೆ ಒಂದು ಮಾತಿನಲ್ಲಿ ಹೇಳುವುದಾದರೆ, ಆಗ ಕಂಪನಿಗಳು ಕಾಲೇಜಿಗೆ ಬಂದು ಭತ್ತ ಖರೀದಿ ಮಾಡುತ್ತಿದ್ದವು. ಒಣಗಿಸುವುದು, ಹೊಟ್ಟು ತೆಗೆಯುವುದು, ಪಾಲಿಶ್ ಮಾಡುವುದು ಎಲ್ಲ ಅವರದೇ ಮಿಲ್ಲಿನಲ್ಲಿ. ಈಗ ಬರುವವರು ಅಕ್ಕಿಯನ್ನೇ ಕೇಳುತ್ತಿದ್ದಾರೆ, ಅದೂ ಕಡಿಮೆ ಮೂಟೆ.

ಇದು ಒಂದೇ ದಿನದಲ್ಲಿ ಆಗಿದ್ದಲ್ಲ. ಕೋವಿಡ್ ನಂತರ, 2021-22ರಲ್ಲಿ, ಎಲ್ಲ ವ್ಯವಹಾರ ಆನ್‌ಲೈನ್‌ಗೆ ಓಡಿದಾಗ ಕಂಪನಿಗಳು ಸಿಕ್ಕಾಪಟ್ಟೆ ಜನರನ್ನು ತೆಗೆದುಕೊಂಡವು. ಆಮೇಲೆ ಅಮೆರಿಕ, ಯುರೋಪಿನ ಗ್ರಾಹಕರು ಖರ್ಚಿಗೆ ಕಡಿವಾಣ ಹಾಕಿದರು. 2023ರ ಹೊತ್ತಿಗೆ ಆಫರ್ ಲೆಟರ್ ಕೈಯಲ್ಲಿದ್ದರೂ ಜಾಯಿನಿಂಗ್ ದಿನಾಂಕ ಬಾರದೆ ತಿಂಗಳುಗಟ್ಟಲೆ ಕಾದವರು ಎಷ್ಟೋ ಜನ. ಇದೇ ಸಮಯಕ್ಕೆ, 2022ರ ನವೆಂಬರ್ 30ರಂದು, ಚಾಟ್‌ಜಿಪಿಟಿ ಹೊರಬಂತು. ಸಣ್ಣ ಪ್ರೋಗ್ರಾಂ ಬರೆಯುವುದು, ಬರೆದದ್ದನ್ನು ಪರೀಕ್ಷಿಸುವುದು, ದಾಖಲೆ ತಯಾರಿಸುವುದು ಇವೆಲ್ಲ ಹೊಸಬರು ಮೊದಲ ವರ್ಷ ಮಾಡುತ್ತಿದ್ದ ಕೆಲಸಗಳು. ಈ ಉಪಕರಣಗಳು ಮೊದಲು ಕೈಹಾಕಿದ್ದೂ ಇವಕ್ಕೇ.

ಹಾಗಂತ ಏಟು ಬಿದ್ದಿದ್ದು ಹೊಸಬರಿಗೆ ಮಾತ್ರ ಅಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು. ಒಮ್ಮೆ ಒಳಗೆ ಹೋದರೆ ರಿಟೈರ್ ಆಗುವವರೆಗೆ ಚಿಂತೆ ಇಲ್ಲ ಎಂಬ ಲೆಕ್ಕ ಈಗ ಹಿಡಿಯುವುದಿಲ್ಲ. ಕಲಿಯುವುದು ಕೆಲಸ ಸಿಕ್ಕ ಮೇಲೂ ನಡೆಯುತ್ತಲೇ ಇರಬೇಕಾಗುತ್ತದೆ.

ಕಂಪನಿ ಅಂದರೆ ಎಲ್ಲವೂ ಒಂದೇ ಅಲ್ಲ

'ಕಂಪನಿಯಲ್ಲಿ ಕೆಲಸ' ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಕಂಪನಿಗಳಲ್ಲಿ ಬಗೆಗಳಿವೆ. ಒಂದೊಂದರ ಆಯ್ಕೆಯ ರೀತಿಯೂ ಬೇರೆ.

ಮೊದಲನೆಯದು ಸರ್ವೀಸ್ ಕಂಪನಿ. ಮೇಲೆ ಹೇಳಿದ್ದು ಇವುಗಳ ಕಥೆಯೇ. ಬೇರೆಯವರ ಕೆಲಸ ಮಾಡಿಕೊಡುತ್ತವೆ. ಟಿಸಿಎಸ್, ಇನ್ಫೋಸಿಸ್, ವಿಪ್ರೊ ಈ ಗುಂಪಿನವು. ಇಲ್ಲಿ 'ಬೆಂಚ್' ಎಂಬ ಮಾತು ಕೇಳುತ್ತೀರಿ. ಯಾವ ಪ್ರಾಜೆಕ್ಟೂ ಇಲ್ಲದೆ ಸಂಬಳ ತೆಗೆದುಕೊಂಡು ಕಾಯುತ್ತಿರುವವರನ್ನು ಬೆಂಚ್ ಮೇಲಿದ್ದಾರೆ ಎನ್ನುತ್ತಾರೆ. ಮೊದಲು ಬೆಂಚ್ ದೊಡ್ಡದಿರುತ್ತಿತ್ತು, ಈಗ ಅದನ್ನೂ ಚಿಕ್ಕದು ಮಾಡುತ್ತಿದ್ದಾರೆ. ಎರಡನೆಯದು ಪ್ರಾಡಕ್ಟ್ ಕಂಪನಿ. ತನ್ನದೇ ಆ್ಯಪ್, ತನ್ನದೇ ಸಾಫ್ಟ್‌ವೇರ್ ಮಾಡಿ ಮಾರುತ್ತದೆ. ಇವರು ಕಡಿಮೆ ಜನರನ್ನು ತೆಗೆದುಕೊಳ್ಳುತ್ತಾರೆ, ಪರೀಕ್ಷೆ ಕಠಿಣ, ಸಂಬಳ ಜಾಸ್ತಿ.

ಮೂರನೆಯದರ ಬಗ್ಗೆ ನಮ್ಮ ಕಡೆ ಮಾತು ಕಡಿಮೆ, ಬೆಳೆಯುತ್ತಿರುವುದು ಮಾತ್ರ ಅದೇ. ಅದನ್ನು ಜಿಸಿಸಿ ಎನ್ನುತ್ತಾರೆ, ಪೂರ್ತಿ ಹೆಸರು ಗ್ಲೋಬಲ್ ಕೇಪಬಿಲಿಟಿ ಸೆಂಟರ್. ವಿದೇಶದ ಬ್ಯಾಂಕು, ಕಾರು ಕಂಪನಿ, ಔಷಧಿ ಕಂಪನಿಗಳು ಕೆಲಸವನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಡುವ ಬದಲು ಇಲ್ಲಿ ತಮ್ಮದೇ ಆಫೀಸ್ ತೆರೆಯುತ್ತಿವೆ. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂನ 2024ರ ವರದಿಯ ಪ್ರಕಾರ ಭಾರತದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು, ಸುಮಾರು 19 ಲಕ್ಷ ಜನ ಕೆಲಸ ಮಾಡುತ್ತಿದ್ದಾರೆ. ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲಿ. 2029ರೊಳಗೆ ಇನ್ನೂ 500 ಕೇಂದ್ರಗಳನ್ನು ತರಬೇಕು ಎಂದು ಕರ್ನಾಟಕ ಸರ್ಕಾರ 2024ರಲ್ಲಿ ನೀತಿಯನ್ನೇ ಮಾಡಿದೆ. ಆದರೆ ಇವರು ಕಾಲೇಜಿಗೆ ಬಂದು ಒಂದೇ ಸಲಕ್ಕೆ ನೂರಾರು ಜನರನ್ನು ಆರಿಸುವುದು ಅಪರೂಪ. ಅನುಭವ ಇರುವವರನ್ನು ನೋಡುತ್ತಾರೆ. ಹೊಸಬರನ್ನು ತೆಗೆದುಕೊಂಡರೂ ಹೆಚ್ಚಾಗಿ ಇಂಟರ್ನ್‌ಶಿಪ್ ಮೂಲಕವೇ. ಕೆಲವು ತಿಂಗಳು ಕೆಲಸ ಮಾಡಿಸಿ ನೋಡಿ, ಇಷ್ಟವಾದರೆ ಕಾಯಂ ಆಫರ್ ಕೊಡುತ್ತಾರೆ. ಅದಕ್ಕೆ ಪಿಪಿಒ, ಅಂದರೆ ಪ್ರೀ ಪ್ಲೇಸ್‌ಮೆಂಟ್ ಆಫರ್ ಎಂದು ಹೆಸರು.

ನಾಲ್ಕನೆಯದು 'ಕೋರ್' ಕಂಪನಿ. ಸಿವಿಲ್ ಓದಿದವರಿಗೆ ಸೇತುವೆ, ಎಲೆಕ್ಟ್ರಿಕಲ್ ಓದಿದವರಿಗೆ ಸಬ್‌ಸ್ಟೇಷನ್, ಮೆಕ್ಯಾನಿಕಲ್ ಓದಿದವರಿಗೆ ಕಾರ್ಖಾನೆ. ಓದಿದ ವಿಷಯದಲ್ಲೇ ಸಿಗುವ ಕೆಲಸ ಇದು.

ಬ್ರಾಂಚ್ ಯಾವುದು ಎಂಬ ಪ್ರಶ್ನೆ

ಕೋರ್ ಬ್ರಾಂಚ್ ಓದಿದರೆ ಕೆಲಸವಿಲ್ಲ ಎಂಬ ಮಾತು ನಮ್ಮ ಎರಡು ಜಿಲ್ಲೆಗಳಲ್ಲಿ ಬಹಳ ಕೇಳುತ್ತದೆ. ಅದಕ್ಕೆ ಕಾರಣವೂ ಇದೆ. ಹತ್ತಿಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಅದನ್ನು ಕಂಡವರು ಮಕ್ಕಳಿಗೆ ಮೆಕ್ಯಾನಿಕಲ್ ಬೇಡ ಎಂದರೆ ತಪ್ಪು ಎನ್ನಲಾಗದು.

ಆದರೆ ಆ ಮುಚ್ಚಿದ ಗೇಟುಗಳ ಆಚೆ ಈಗ ಏನಿದೆ ಎಂದು ನೋಡೋಣ. ಚಿತ್ರದುರ್ಗದ ಗುಡ್ಡಗಳ ಮೇಲೆ ಹೆದ್ದಾರಿಯಿಂದಲೇ ಕಾಣುವ ಗಾಳಿಯಂತ್ರಗಳನ್ನೇ ತಗೊಳ್ಳಿ. ಎಲ್ಲರೂ ಅವುಗಳ ಫೋಟೊ ತೆಗೆಯುತ್ತಾರೆ. ಅಲ್ಲಿ ಯಾರು ಕೆಲಸ ಮಾಡುತ್ತಾರೆ ಎಂದು ಕೇಳುವವರು ಕಡಿಮೆ. ಪ್ರತಿ ಯಂತ್ರದ ತುದಿಯ ಪೆಟ್ಟಿಗೆಯೊಳಗೆ ಜನರೇಟರ್ ಇರುತ್ತದೆ, ಬಹಳಷ್ಟರಲ್ಲಿ ಗೇರ್‌ಬಾಕ್ಸ್ ಕೂಡ. ಗಾಳಿಯ ವೇಗ ಎಷ್ಟು, ಬೇರಿಂಗ್ ಎಷ್ಟು ಬಿಸಿಯಾಗಿದೆ, ಎಷ್ಟು ವಿದ್ಯುತ್ ಬರುತ್ತಿದೆ ಎಂಬುದೆಲ್ಲ ಕೆಳಗಿನ ಕಂಟ್ರೋಲ್ ರೂಮಿನ ಪರದೆಗೆ ಬರುತ್ತದೆ. ಈ ವ್ಯವಸ್ಥೆಗೆ ಸ್ಕಾಡಾ ಎನ್ನುತ್ತಾರೆ. ಬಿಸಿ ಮಿತಿ ಮೀರಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಆಗ ಒಬ್ಬರು ಸೇಫ್ಟಿ ಬೆಲ್ಟ್ ಹಾಕಿಕೊಂಡು ಗೋಪುರ ಹತ್ತಿ ಕಾರಣ ಹುಡುಕಬೇಕು. ಗಾಳಿ ಚೆನ್ನಾಗಿ ಬೀಸುವ ತಿಂಗಳಲ್ಲಿ ಯಂತ್ರ ಒಂದು ದಿನ ನಿಂತರೂ ನಷ್ಟ. ಈ ಕೆಲಸಕ್ಕೆ ಎಲೆಕ್ಟ್ರಿಕಲ್ ಗೊತ್ತಿರಬೇಕು, ಮೆಕ್ಯಾನಿಕಲ್ ಗೊತ್ತಿರಬೇಕು, ಪರದೆಯ ಮೇಲಿನ ಅಂಕಿ ಓದಿ ಅರ್ಥ ಮಾಡಿಕೊಳ್ಳಲೂ ಬರಬೇಕು. ಮೊದಲ ಸಂಬಳ ಸಾಫ್ಟ್‌ವೇರ್ ಕಂಪನಿಗಿಂತ ಕಡಿಮೆ ಇರಬಹುದು. ಬಿಸಿಲು, ರಾತ್ರಿ ಪಾಳಿ, ಊರಿಂದ ದೂರ ಇವೆಲ್ಲ ಇವೆ. ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ಆ ಗೋಪುರ ಹತ್ತಿ ಬೇರಿಂಗ್ ಬದಲಿಸುವ ಕೆಲಸವನ್ನು ಚಾಟ್‌ಜಿಪಿಟಿ ಮಾಡಿಕೊಡುವುದಿಲ್ಲ, ಅಲ್ವಾ?

ಇನ್ನೂ ಇದೆ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಿಗೆ ನೀರು ಕೊಡುವ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪ್‌ಹೌಸ್, ಸುರಂಗ, ಕಾಲುವೆ ಎಲ್ಲ ಇವೆ. ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ಮತ್ತು ತುಂತುರು ನೀರಾವರಿ ಅದರ ಗುರಿ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ರೈಲು ಮಾರ್ಗದ ಕೆಲಸವೂ ನಡೆಯುತ್ತಿದೆ. ಇಂಥ ಕಡೆ ಎಂಜಿನಿಯರುಗಳನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಗುತ್ತಿಗೆ ಕಂಪನಿಗಳು. ಅವರು ದೊಡ್ಡ ಜಾಹೀರಾತು ಕೊಡುವುದಿಲ್ಲ. ಸೈಟ್‌ನಲ್ಲಿರುವ ಸೀನಿಯರ್ ಒಬ್ಬರ ಪರಿಚಯ ಇದ್ದರೆ ಸುದ್ದಿ ಸಿಗುತ್ತದೆ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯುಬಿಡಿಟಿ 1951ರಿಂದ, ಬಿಐಇಟಿ 1979ರಿಂದ ಇವೆ. ಅಲ್ಲಿ ಓದಿದವರು ಎಲ್ಲ ಇಲಾಖೆ, ಎಲ್ಲ ಸೈಟ್‌ಗಳಲ್ಲೂ ಸಿಗುತ್ತಾರೆ. ಹಳೆಯ ವಿದ್ಯಾರ್ಥಿಗಳ ಗುಂಪನ್ನು ಹುಡುಕಿ ಮಾತಾಡಿಸಲು ಸಂಕೋಚ ಬೇಡ.

ಚಳ್ಳಕೆರೆ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಬಿಡಿಸಿ ಹೇಳಬೇಕು. ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಶುರುವಾಯಿತು. ಇಸ್ರೊ ತನ್ನ ಮರುಬಳಕೆಯ ವಾಹನ 'ಪುಷ್ಪಕ್' ಅನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನಾಗಿ ರನ್‌ವೇ ಮೇಲೆ ಇಳಿಯುವ ಪ್ರಯೋಗವನ್ನು 2023 ಮತ್ತು 2024ರಲ್ಲಿ ಇಲ್ಲೇ ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವೂ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಇದನ್ನೆಲ್ಲ ಕೇಳಿ 'ನಮ್ಮ ಜಿಲ್ಲೆಯವರಿಗೆ ಅಲ್ಲಿ ಕೆಲಸ ಸಿಗುತ್ತದೆ' ಎಂದು ಹಲವರು ಅಂದುಕೊಂಡಿದ್ದಾರೆ. ಈ ಸಂಸ್ಥೆಗಳ ವಿಜ್ಞಾನಿ, ಎಂಜಿನಿಯರ್ ಹುದ್ದೆಗಳಿಗೆ ಆಯ್ಕೆ ಇಡೀ ದೇಶದ ಮಟ್ಟದಲ್ಲಿ ನಡೆಯುತ್ತದೆ. ಚಳ್ಳಕೆರೆಯವರೂ ಅದೇ ಪರೀಕ್ಷೆ ಬರೆದೇ ಹೋಗಬೇಕು.

ಹಾಗಾದರೆ ಬ್ರಾಂಚ್ ಆರಿಸುವುದು ಹೇಗೆ? ನಾಲ್ಕು ವರ್ಷದ ನಂತರ ಯಾವುದಕ್ಕೆ ಬೇಡಿಕೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಮಗನಿಗೋ ಮಗಳಿಗೋ ಯಾವ ಪುಸ್ತಕ ಹಿಡಿದರೆ ಬೇಜಾರಾಗುವುದಿಲ್ಲ ಎಂಬುದನ್ನು ಮಾತ್ರ ಈಗಲೇ ನೋಡಬಹುದು. ಕೋರ್ ಬ್ರಾಂಚ್ ತಗೊಂಡರೆ ಜೊತೆಗೆ ಪ್ರೋಗ್ರಾಮಿಂಗ್ ಸ್ವಲ್ಪ ಕಲಿಯಬೇಕು. ಕಂಪ್ಯೂಟರ್ ಸೈನ್ಸ್ ತಗೊಂಡರೆ ಬ್ಯಾಂಕು, ವಿದ್ಯುತ್, ಕೃಷಿ, ಆಸ್ಪತ್ರೆ ಹೀಗೆ ಯಾವುದಾದರೂ ಒಂದು ಕ್ಷೇತ್ರದ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ಬರೀ ಕೋಡ್ ಬರೆಯಲು ಬರುವವರು ಈಗ ಬೇಕಾದಷ್ಟು ಇದ್ದಾರೆ.

ಪ್ಯಾಕೇಜ್ ಬೇರೆ, ಕೈಗೆ ಬರುವ ಸಂಬಳ ಬೇರೆ

ಕಾಲೇಜಿನ ಫ್ಲೆಕ್ಸ್‌ನಲ್ಲಿ '3.6 ಎಲ್‌ಪಿಎ' ಎಂದು ಇರುತ್ತದೆ. ಎಲ್‌ಪಿಎ ಅಂದರೆ ವರ್ಷಕ್ಕೆ ಇಷ್ಟು ಲಕ್ಷ. ಸರ್ವೀಸ್ ಕಂಪನಿಗಳಲ್ಲಿ ಹೊಸಬರ ಪ್ಯಾಕೇಜ್ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಅಂಕಿಯ ಆಸುಪಾಸಿನಲ್ಲೇ ಇದೆ. ಮನೆಯವರು 3,60,000ವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಎಂದು ಲೆಕ್ಕ ಹಾಕುತ್ತಾರೆ. ಆದರೆ ಪ್ಯಾಕೇಜ್ ಅಂದರೆ ಸಿಟಿಸಿ. ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು ಅದು.

ಒಂದು ಮಾದರಿ ಲೆಕ್ಕ ಹಾಕೋಣ. ಮೂಲವೇತನ ತಿಂಗಳಿಗೆ 15,000 ಎಂದು ಇಟ್ಟುಕೊಳ್ಳಿ. ಕಂಪನಿ ತನ್ನ ಪಾಲಿನ ಪಿಎಫ್ ಆಗಿ ಅದರ ಶೇ. 12, ಅಂದರೆ ತಿಂಗಳಿಗೆ 1,800 ಕಟ್ಟುತ್ತದೆ. ವರ್ಷಕ್ಕೆ 21,600. ಅದು ಸಿಟಿಸಿಯ ಒಳಗೇ ಸೇರಿರುತ್ತದೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಹಣ) ಎಂದು ಮೂಲವೇತನದ ಶೇ. 4.81, ಅಂದರೆ ವರ್ಷಕ್ಕೆ ಸುಮಾರು 8,650. ಆರೋಗ್ಯ ವಿಮೆಗೆ 5,000 ಎಂದುಕೊಳ್ಳಿ. ಕೆಲಸದ ಮೌಲ್ಯಮಾಪನದ ಮೇಲೆ ಕೊಡುವ 'ವೇರಿಯಬಲ್ ಪೇ' 24,000 ಎಂದುಕೊಳ್ಳಿ. ಅದು ಪೂರ್ತಿ ಬರಬಹುದು, ಬಾರದೆಯೂ ಇರಬಹುದು. ಇಷ್ಟನ್ನೂ ಕಳೆದರೆ ಉಳಿಯುವುದು ಸುಮಾರು 3,00,700. ತಿಂಗಳಿಗೆ 25,000ದ ಚೂರು ಮೇಲೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಬ್ಯಾಂಕಿಗೆ ಬೀಳುವುದು 23,000. ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ, ಅದೊಂದು ಸಮಾಧಾನ. ಬೆಂಗಳೂರಿನ ಪಿಜಿ, ಊಟ, ಬಸ್ಸು ಎಲ್ಲ ಇದರಲ್ಲೇ ಆಗಬೇಕು. ಶಿಕ್ಷಣ ಸಾಲದ ಕಂತೂ ಇದರಿಂದಲೇ.

ಆದ್ದರಿಂದ ಆಫರ್ ಬಂದಾಗ ಕೇಳಬೇಕಾದ್ದು 'ಪ್ಯಾಕೇಜ್ ಎಷ್ಟು' ಎಂದಲ್ಲ, 'ಫಿಕ್ಸೆಡ್ ಎಷ್ಟು, ಕೈಗೆ ಬರುವುದು ಎಷ್ಟು' ಎಂದು. ಇದನ್ನು ಕೇಳಿದರೆ ಕಂಪನಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ದಿನಾ ಅವರು ಉತ್ತರಿಸುವ ಪ್ರಶ್ನೆಯೇ ಅದು.

ಇದರ ಜೊತೆಗೆ ಬಾಂಡ್ ನೋಡಬೇಕು. ಸರ್ವೀಸ್ ಅಗ್ರಿಮೆಂಟ್ ಎಂದೂ ಹೆಸರಿದೆ. ಒಂದೋ ಎರಡೋ ವರ್ಷದೊಳಗೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಒಪ್ಪಂದ. 'ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಸುಮ್ನೆ ಸಹಿ ಹಾಕು' ಎಂದು ಹೇಳುವವರಿದ್ದಾರೆ. ಆ ಮಾತು ನಂಬಬೇಡಿ. ಮೂರು ವರ್ಷ ಕೆಲಸ ಮಾಡದೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಪ್ರತಿ ಬಾಂಡೂ ಹಾಗೇ ನಿಲ್ಲುತ್ತದೆ ಎಂದು ಇದರ ಅರ್ಥವಲ್ಲ. ಮೊತ್ತ ನ್ಯಾಯವಾಗಿದೆಯೇ ಎಂದು ಕೋರ್ಟ್ ನೋಡುತ್ತದೆ. ಆದರೆ ಓದದೆ ಸಹಿ ಹಾಕುವ ಕಾಗದ ಅದಲ್ಲ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಇನ್ನೂ ಎಚ್ಚರ ಬೇಕು.

ಆರಿಸುವವರು ನೋಡುವುದೇನು

ಮೊದಲು ಜರಡಿ ಹಿಡಿಯುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ. 60 ಬೇಕು, ಬ್ಯಾಕ್‌ಲಾಗ್ ಇರಬಾರದು ಎಂಬುದು ಬಹಳ ಕಂಪನಿಗಳ ಷರತ್ತು. ಬ್ಯಾಕ್‌ಲಾಗ್ ಅಂದರೆ ಪಾಸಾಗದೆ ಉಳಿದ ವಿಷಯ. ಇಲ್ಲಿ ಸಿಕ್ಕಿಬಿದ್ದರೆ ಮುಂದಿನ ಸುತ್ತಿಗೆ ಅವಕಾಶವೇ ಇಲ್ಲ. ಹಾಗಾಗಿ ಮೊದಲ ವರ್ಷದ ಗಣಿತವನ್ನು 'ಆಮೇಲೆ ಕ್ಲಿಯರ್ ಮಾಡ್ಕೋತೀನಿ' ಎಂದು ಬಿಡುವುದು ದುಬಾರಿಯಾಗುತ್ತದೆ. ನಂತರ ಆಪ್ಟಿಟ್ಯೂಡ್ ಪರೀಕ್ಷೆ. ಶೇಕಡಾವಾರು, ವೇಗ ಮತ್ತು ದೂರ, ತರ್ಕದ ಲೆಕ್ಕಗಳು. ಅಭ್ಯಾಸ ಮಾಡಿದರೆ ಬರುವಂಥವೇ. ಆಮೇಲೆ ಕೋಡಿಂಗ್ ಅಥವಾ ವಿಷಯದ ಪರೀಕ್ಷೆ, ಕೊನೆಗೆ ಸಂದರ್ಶನ.

ಸಂದರ್ಶನದಲ್ಲಿ ಹೆಚ್ಚಿನವರು ಎಡವುವುದು ಪ್ರಾಜೆಕ್ಟ್ ವಿಷಯಕ್ಕೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ರೆಡಿಮೇಡ್ ತರುವ ಅಭ್ಯಾಸ ಎಲ್ಲ ಕಡೆಯೂ ಇದೆ. ಹೆಸರು ದೊಡ್ಡದಿರುತ್ತದೆ, ಬ್ಲಾಕ್‌ಚೈನ್, ಡೀಪ್ ಲರ್ನಿಂಗ್ ಎಂದೆಲ್ಲ. ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಅದರ ಬದಲು ಹಿರಿಯೂರಿನ ಕಡೆಯ ಒಬ್ಬ ವಿದ್ಯಾರ್ಥಿನಿ ತಮ್ಮ ತೋಟದ ಬೋರ್‌ವೆಲ್ ಮೋಟರಿಗೆ ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರ್ ಮಾಡಿದಳು ಎಂದುಕೊಳ್ಳಿ. ಇಂಥದ್ದು ಅಂಗಡಿಯಲ್ಲೇ ಸಿಗುತ್ತದೆ, ಇದರಲ್ಲಿ ಹೊಸದೇನು ಎನ್ನಬಹುದು. ಆದರೆ ಸಂದರ್ಶನದಲ್ಲಿ ಬರುವ ಪ್ರಶ್ನೆಗಳನ್ನು ನೋಡಿ. ಮೂರು ಫೇಸ್‌ನಲ್ಲಿ ಒಂದು ಹೋದರೆ ಏನಾಗುತ್ತದೆ? ಮೋಟರ್ ಸುಡಬಾರದು ಅಂದರೆ ಅದನ್ನು ಮೊದಲೇ ಪತ್ತೆ ಹಚ್ಚಿ ನಿಲ್ಲಿಸಬೇಕು. ಬೋರ್‌ನಲ್ಲಿ ನೀರು ಖಾಲಿಯಾಗಿದ್ದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಪಂಪ್ ನೀರೆತ್ತದೆ ಸುಮ್ಮನೆ ತಿರುಗಿದರೆ ಮೋಟರ್ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ, ಅದನ್ನು ಅಳೆದು ತಿಳಿಯಬಹುದು. ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ? ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೋದರೆ? ಎಷ್ಟು ಖರ್ಚಾಯಿತು? ಎಲ್ಲಿ ಕೆಟ್ಟಿತು? ತಾನೇ ಮಾಡಿದವಳು ಇದಕ್ಕೆಲ್ಲ ತಡವರಿಸದೆ ಉತ್ತರ ಕೊಡುತ್ತಾಳೆ. ಎರಡು ಸಲ ರಿಲೇ ಸುಟ್ಟುಹೋಗಿದ್ದನ್ನು ಹೇಳಿದರೂ ಅವಳಿಗೆ ಅಂಕ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಮೂರೂ ಬ್ರಾಂಚಿನವರು ಸೇರಿ ಮಾಡಬಹುದಾದ ಕೆಲಸ ಇದು.

ಇಂಗ್ಲಿಷ್ ಭಯದ ಬಗ್ಗೆಯೂ ಹೇಳಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಜಾಣ ಮಕ್ಕಳು ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ಬಿಡುವುದಿಲ್ಲ. ಕಂಪನಿಯವರಿಗೆ ಬೇಕಿರುವುದು ಕಾನ್ವೆಂಟ್ ಉಚ್ಚಾರಣೆಯಲ್ಲ. ಹೇಳುವುದು ಸ್ಪಷ್ಟವಾಗಿರಬೇಕು, ಅಷ್ಟೇ. ದಿನಕ್ಕೊಮ್ಮೆ ತಮ್ಮದೇ ಪ್ರಾಜೆಕ್ಟನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಮೂರು ನಿಮಿಷ ವಿವರಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಮೊದಲ ವಾರ ಮುಜುಗರವಾಗುತ್ತದೆ. ಎರಡು ತಿಂಗಳಲ್ಲಿ ನಾಲಿಗೆ ಸಡಿಲವಾಗುತ್ತದೆ.

ಎಐ ಅನ್ನು ಬಳಸುವುದಾ, ಬಿಡುವುದಾ

ಬಳಸಲೇಬೇಕು. ಆಫೀಸಿನಲ್ಲಿ ಎಲ್ಲರೂ ಬಳಸುತ್ತಿರುವಾಗ ನೀವು ಬಿಟ್ಟರೆ ಹಿಂದೆ ಬೀಳುತ್ತೀರಿ. ಆದರೆ ಕಲಿಯುವ ಹಂತದಲ್ಲಿ ಕ್ರಮ ಮುಖ್ಯ. ಮೊದಲು ಲೆಕ್ಕವನ್ನೋ ಪ್ರೋಗ್ರಾಮನ್ನೋ ಸ್ವಂತವಾಗಿ ಬಿಡಿಸಿ, ಸಿಕ್ಕಿಕೊಂಡಾಗ ಎಐ ಕೇಳಿ, ಅದು ಕೊಟ್ಟ ಉತ್ತರವನ್ನು ಸಾಲು ಸಾಲಾಗಿ ನೀವೇ ಇನ್ನೊಬ್ಬರಿಗೆ ವಿವರಿಸಿ. ವಿವರಿಸಲು ಬಾರದ ಸಾಲು ನಿಮ್ಮದಲ್ಲ. ಎಐ ಆತ್ಮವಿಶ್ವಾಸದಿಂದಲೇ ತಪ್ಪು ಹೇಳುತ್ತದೆ ಎಂಬುದು ಬಳಸಿದವರಿಗೆಲ್ಲ ಗೊತ್ತು. ಆ ತಪ್ಪು ಹಿಡಿಯುವವರಿಗೇ ಇನ್ನು ಬೆಲೆ. ತಪ್ಪು ಹಿಡಿಯಬೇಕಾದರೆ ವಿಷಯದ ಬುಡ ಗೊತ್ತಿರಬೇಕು. ಆ ಕಾರಣಕ್ಕೆ ಡೇಟಾ ಸ್ಟ್ರಕ್ಚರ್ಸ್, ಸರ್ಕ್ಯೂಟ್ ಥಿಯರಿ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಂಥ ಹಳೆಯ ವಿಷಯಗಳಿಗೆ ಈಗಲೂ ಅಷ್ಟೇ ಮಹತ್ವ ಇದೆ.

ಯಾವ ವರ್ಷ ಏನು ಮಾಡುವುದು

ಮೊದಲ ವರ್ಷ ಒಂದೇ ಒಂದು ಪ್ರೋಗ್ರಾಮಿಂಗ್ ಭಾಷೆ ಗಟ್ಟಿ ಮಾಡಿಕೊಳ್ಳಿ, ಯಾವ ವಿಷಯವೂ ಉಳಿಯದಂತೆ ನೋಡಿಕೊಳ್ಳಿ. ಸಾಕು. ಹತ್ತು ಕೋರ್ಸಿಗೆ ಸೇರಿ ಯಾವುದನ್ನೂ ಮುಗಿಸದೆ ಇರುವುದಕ್ಕಿಂತ ಇದು ಒಳ್ಳೆಯದು. ಎರಡನೇ ವರ್ಷ ನಿಮ್ಮ ಬ್ರಾಂಚಿನ ಒಂದು ಉಪಕರಣ ಕಲಿಯಿರಿ. ಸಿವಿಲ್‌ನವರಿಗೆ ನಕ್ಷೆ, ವಿನ್ಯಾಸದ ಸಾಫ್ಟ್‌ವೇರ್‌ಗಳಾದ ಆಟೊಕ್ಯಾಡ್, ರೆವಿಟ್. ಎಲೆಕ್ಟ್ರಿಕಲ್‌ನವರಿಗೆ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ, ಲೆಕ್ಕಾಚಾರದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ.

ಮೂರನೇ ವರ್ಷವೇ ನಿಜವಾದ ತಿರುವು. ಇಂಟರ್ನ್‌ಶಿಪ್ ಹುಡುಕುವುದು, ಎಂ.ಟೆಕ್‌ಗೂ ಕೇಂದ್ರದ ಉದ್ದಿಮೆಗಳ ಕೆಲಸಕ್ಕೂ ದಾರಿಯಾಗುವ ಗೇಟ್ ಪರೀಕ್ಷೆ ಬರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಎರಡೂ ಇದೇ ವರ್ಷ ಆಗಬೇಕು. ಇಂಟರ್ನ್‌ಶಿಪ್ ಹೆಸರಿನಲ್ಲಿ ದುಡ್ಡು ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕೊಡುವ ಜಾಗಗಳಿವೆ. ಅದರಿಂದ ಕಾಲೇಜಿನ ಕ್ರೆಡಿಟ್ ತುಂಬಬಹುದು, ಕಲಿಕೆ ಆಗುವುದಿಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂದು ತಿಂಗಳು ನಿಂತು ಯಂತ್ರ ಕೆಟ್ಟಾಗ ಹೇಗೆ ಸರಿ ಮಾಡುತ್ತಾರೆ ಎಂದು ನೋಡಿದರೆ ಅದಕ್ಕಿಂತ ಎಷ್ಟೋ ಮೇಲು. ವಿಟಿಯು ಕೇಳುವ ನೂರು ಆ್ಯಕ್ಟಿವಿಟಿ ಪಾಯಿಂಟ್‌ಗಳನ್ನೂ ಕೊನೆಗೆ ಗಡಿಬಿಡಿಯಲ್ಲಿ ತುಂಬುವ ಬದಲು ಇಂಥ ಕೆಲಸದ ಜೊತೆ ಜೋಡಿಸಿಕೊಳ್ಳಬಹುದು. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ ಅದು 75.

ನಾಲ್ಕನೇ ವರ್ಷ ಕ್ಯಾಂಪಸ್ ಜೊತೆಗೆ ಆಫ್ ಕ್ಯಾಂಪಸ್ ಅರ್ಜಿಗಳನ್ನೂ ಹಾಕುತ್ತಿರಬೇಕು. ಆಫ್ ಕ್ಯಾಂಪಸ್ ಅಂದರೆ ಕಂಪನಿ ಕಾಲೇಜಿಗೆ ಬಾರದೆ ನೇರವಾಗಿ ಅರ್ಜಿ ಕರೆಯುವುದು. ಇದಕ್ಕೆ ಕಂಪನಿಯ ಸ್ವಂತ ವೆಬ್‌ಸೈಟನ್ನೇ ನೋಡಿ.

ಗೇಟ್ ಮತ್ತು ಸರ್ಕಾರಿ ಕೆಲಸ

ಗೇಟ್ ಫೆಬ್ರವರಿಯಲ್ಲಿ ನಡೆಯುವ ರಾಷ್ಟ್ರ ಮಟ್ಟದ ಪರೀಕ್ಷೆ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಇದರಿಂದ ಎಂ.ಟೆಕ್ ಸೀಟು ಸಿಗುತ್ತದೆ, ಗೇಟ್ ಅರ್ಹತೆಯ ಮೇಲೆ ಸೇರಿದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಕೇಂದ್ರ ಸರ್ಕಾರದ ಹಲವು ಉದ್ದಿಮೆಗಳು ಗೇಟ್ ಅಂಕದ ಮೇಲೆ ಎಂಜಿನಿಯರುಗಳನ್ನು ಆರಿಸುತ್ತವೆ. ಫೀಸಿನ ಚಿಂತೆ ಇರುವ, ಓದಿನಲ್ಲಿ ಪಟ್ಟು ಹಿಡಿಯುವ ಕೋರ್ ಬ್ರಾಂಚಿನ ಮಕ್ಕಳಿಗೆ ಇಷ್ಟು ನೇರವಾದ ದಾರಿ ಇನ್ನೊಂದು ನನಗೆ ಕಾಣುವುದಿಲ್ಲ.

ರಾಜ್ಯದ ಸಹಾಯಕ ಎಂಜಿನಿಯರ್, ಕಿರಿಯ ಎಂಜಿನಿಯರ್ ಹುದ್ದೆಗಳು, ನಮ್ಮ ಎರಡೂ ಜಿಲ್ಲೆಗಳಿಗೆ ವಿದ್ಯುತ್ ಕೊಡುವ ಬೆಸ್ಕಾಂನ ಹುದ್ದೆಗಳು, ರೈಲ್ವೆ ಹುದ್ದೆಗಳು ಇವೆ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ ಎಂಬುದು ಓದುವವರ ಕೈಯಲ್ಲಿಲ್ಲ. ಬೇರೇನೂ ಮಾಡದೆ ವರ್ಷಗಟ್ಟಲೆ ರೂಮಿನಲ್ಲಿ ಕೂತು ಕಾದರೆ ಆ ಖಾಲಿ ವರ್ಷಗಳು ಖಾಸಗಿ ಕಂಪನಿಯ ಬಾಗಿಲನ್ನೂ ಮುಚ್ಚುತ್ತವೆ. ಕೆಲಸ ಮಾಡುತ್ತಲೇ ತಯಾರಿ ನಡೆಸುವುದು ಕಷ್ಟ, ನಿಜ. ಆಗದಿದ್ದರೆ ಇಂಥ ತಿಂಗಳವರೆಗೆ ಮಾತ್ರ ಎಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಕೆಲಸ ಸಿಗದೆ ಹೊರಬಂದರೆ

ಆಫ್ ಕ್ಯಾಂಪಸ್ ಅರ್ಜಿಗಳಲ್ಲಿ 'ಈ ವರ್ಷ ಪಾಸಾದವರು ಮಾತ್ರ' ಎಂಬ ಷರತ್ತು ಇರುತ್ತದೆ. ಹಾಗಾಗಿ ಪಾಸಾದ ಮೊದಲ ವರ್ಷವೇ ಬಹಳ ಅಮೂಲ್ಯ. ಆ ವರ್ಷ ಖಾಲಿ ಬಿಡಬೇಡಿ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ, ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ, ಮುಂದೆ ಓದುತ್ತಲೂ ಇಲ್ಲದ ಅರ್ಹರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಸಿಗುತ್ತದೆ. ಅರ್ಜಿ ಶುಲ್ಕ, ಬಸ್ಸಿನ ಖರ್ಚಿಗೆ ಆಗುತ್ತದೆ.

ದುಡ್ಡು ಕೊಟ್ಟರೆ ಹಿಂಬಾಗಿಲಿನಿಂದ ಕಂಪನಿಗೆ ಸೇರಿಸುತ್ತೇವೆ ಎನ್ನುವವರು ಹುಡುಕಿಕೊಂಡು ಬರುವುದೂ ಇದೇ ಹೊತ್ತಿನಲ್ಲಿ. ಸರಿಯಾದ ಯಾವ ಕಂಪನಿಯೂ ಕೆಲಸ ಕೊಡಲು ಹಣ ಕೇಳುವುದಿಲ್ಲ. ಲ್ಯಾಪ್‌ಟಾಪ್ ಡಿಪಾಸಿಟ್, ತರಬೇತಿ ಶುಲ್ಕ ಎಂದು ಏನೇ ಹೆಸರಿಟ್ಟರೂ ಅಷ್ಟೇ. ಮೇಲ್ ಬಂದ ವಿಳಾಸ ಕಂಪನಿಯದೇ ಹೌದಾ ಎಂದು ನೋಡಿ, ಕಂಪನಿಯ ಅಧಿಕೃತ ನಂಬರಿಗೆ ಫೋನ್ ಮಾಡಿ ಕೇಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ದಾರಿ ಅಪ್ರೆಂಟಿಸ್‌ಶಿಪ್. ಐಟಿಐ ಓದಿದವರಿಗೆ ಮಾತ್ರ ಎಂದು ಬಹಳ ಜನ ಅಂದುಕೊಂಡಿದ್ದಾರೆ, ಎಂಜಿನಿಯರಿಂಗ್ ಮುಗಿಸಿದವರಿಗೂ ಇದೆ. ಕೇಂದ್ರದ ಈ ಯೋಜನೆಯನ್ನು ಚಿಕ್ಕದಾಗಿ ನ್ಯಾಟ್ಸ್ ಎನ್ನುತ್ತಾರೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಕಾರ್ಖಾನೆಗಳೂ ಇದರ ಮೂಲಕ ಪದವೀಧರರನ್ನು ತೆಗೆದುಕೊಳ್ಳುತ್ತವೆ. ತಿಂಗಳ ಸ್ಟೈಪೆಂಡ್ ಸಿಗುತ್ತದೆ. ಸರ್ಕಾರ ನಿಗದಿ ಮಾಡಿದ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರವೇ ಭರಿಸುವುದರಿಂದ ಸಣ್ಣ ಕಂಪನಿಗಳಿಗೂ ಹೊರೆಯಾಗುವುದಿಲ್ಲ. ಅಪ್ರೆಂಟಿಸ್ ಮುಗಿದ ಮೇಲೆ ಅಲ್ಲೇ ಕಾಯಂ ಕೆಲಸ ಕೊಡುತ್ತಾರೆ ಎಂಬ ಭರವಸೆ ಇಲ್ಲ. ಆದರೆ ಕೇಂದ್ರ ಸರ್ಕಾರದ ಪ್ರಮಾಣಪತ್ರ ಸಿಗುತ್ತದೆ, ಮುಂದಿನ ಅರ್ಜಿಯಲ್ಲಿ 'ಅನುಭವ' ಎಂಬ ಕಡೆ ಬರೆಯಲು ಏನಾದರೂ ಇರುತ್ತದೆ. ನ್ಯಾಟ್ಸ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿಕೊಳ್ಳಲು ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ.